ಓದುಗರ ಸ್ಪಂದನ: ‘ಮರಿ ಇಲ್ಲವಾ?’ ಎಂದು ಕೇಳುವವರ ನಡುವೆ ಮೂರು ಹಿರಿಯ ನಾಯಿಗಳು

ಓದುಗರೊಬ್ಬರ ಸಮಸ್ಯೆ: ಗಾಯಗೊಂಡು ಬೀದಿಯಲ್ಲಿ ಬಿದ್ದಿದ್ದ, ಸಾಕಿದವರೇ ಬಿಟ್ಟುಹೋಗಿದ್ದ ಮೂರು ನಾಯಿಗಳು ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಗೆ ಬಂದು ಒಂದೂವರೆ ವರ್ಷವಾಯಿತು. ಏಳು, ಒಂಬತ್ತು, ಹತ್ತರ ಆಸುಪಾಸಿನ ಪ್ರಾಯ, ಮೂರೂ ಮಿಶ್ರ ತಳಿ. ಫೋನ್ ಮಾಡಿದವರೆಲ್ಲ ‘ಜಾತಿ ನಾಯಿಯಾ? ಮರಿ ಇಲ್ಲವಾ?’ ಎಂದು ಕೇಳಿ ಇಟ್ಟುಬಿಡುತ್ತಾರೆ. ಇವುಗಳಿಗೆ ಶಾಶ್ವತ ಮನೆ ಹುಡುಕುವುದು ಹೇಗೆ?

ಅಕ್ಕಾ, ನಾಲ್ಕು ವರ್ಷದ ಹಿಂದೆ ಎಂಟು ವರ್ಷದ ಕಂದು ಬಣ್ಣದ ಹೆಣ್ಣುನಾಯಿಯೊಂದನ್ನು ಮನೆಗೆ ತಂದೆವು. ಫೋಟೊ ನೋಡಿ ತಂದದ್ದಲ್ಲ. ಅಲ್ಲಿಯವರೆಗೆ ಅದಕ್ಕೆ ಆಸರೆ ಕೊಟ್ಟಿದ್ದ ಹುಡುಗಿ ಬರೆದಿದ್ದ ನಾಲ್ಕೈದು ಸಾಲು ಓದಿ ತಂದದ್ದು. ‘ಗೇಟು ತೆರೆದಿದ್ದರೂ ಓಡುವುದಿಲ್ಲ. ಮನೆಯೊಳಗೆ ಗಲೀಜು ಮಾಡುವುದಿಲ್ಲ. ಮಿಕ್ಸಿ ತಿರುಗಿದರೆ ಎದ್ದು ಹೊರಗೆ ಹೋಗುತ್ತದೆ. ಗುಡುಗಿದರೆ ಮಂಚದಡಿ ಸೇರುತ್ತದೆ, ಎಳೆಯಬೇಡಿ. ಬೆಕ್ಕು ಕಂಡರೆ ಆಗದು.’ ಮರಿಯ ಬಗ್ಗೆ ಹೀಗೆ ಬರೆದುಕೊಡಲು ಯಾರಿಂದಲೂ ಆಗದು, ಅದು ಬೆಳೆದು ಎಂಥದಾಗುತ್ತದೆಂದು ಯಾರಿಗೆ ಗೊತ್ತು? ಒಂದೂವರೆ ವರ್ಷ ಜೊತೆಗಿದ್ದ ನಿಮಗೆ ಆ ಮೂರರ ಗುಣವೂ ಗೊತ್ತಿದೆ. ಅದನ್ನೇ ಬರೆಯಿರಿ. ‘ಪಾಪದ ನಾಯಿ, ಯಾರಾದರೂ ಉಳಿಸಿ’ ಎಂದರೆ ಓದಿದವರು ಮರುಗುತ್ತಾರೆ, ಮನೆಗೆ ಕರೆಯುವುದಿಲ್ಲ. ಕೆಟ್ಟ ಅಭ್ಯಾಸವನ್ನೂ ಮುಚ್ಚಿಡಬೇಡಿ. ಆ ಬೆಕ್ಕಿನ ಸಾಲು ಇದ್ದುದರಿಂದಲೇ ನಾನು ಉಳಿದ ಸಾಲುಗಳನ್ನು ನಂಬಿದೆ.

ಬಂದ ಮೊದಲ ಮೂರು ದಿನ ಅದು ಗೇಟಿನ ಕಡೆಗೇ ಮುಖ ಮಾಡಿ ಕುಳಿತಿತ್ತು. ಗಂಜಿ ಮುಟ್ಟಲಿಲ್ಲ. ತಪ್ಪು ಮಾಡಿದೆವೇನೋ ಎಂದು ಅತ್ತೆಯವರೂ ನಾನೂ ಮುಖ ಮುಖ ನೋಡಿಕೊಂಡೆವು. ನಾಲ್ಕನೆಯ ದಿನ ಹಿತ್ತಲ ಬಾಗಿಲಲ್ಲಿ ಕುಳಿತು ಬಂಗುಡೆ ಶುಚಿ ಮಾಡುತ್ತಿದ್ದೆ. ಮೊಣಕೈಗೆ ತಣ್ಣಗೆ ಏನೋ ತಾಗಿತು. ನೋಡಿದರೆ ಅದರ ಮೂಗು. ನಾಯಿ ಕೇಳಿ ಬಂದವರಿಗೆ ಈ ಮೊದಲ ದಿನಗಳ ಬಗ್ಗೆ ಮುಂಚೆಯೇ ಹೇಳಿಬಿಡಿ. ಇಲ್ಲವಾದರೆ ಎರಡನೆಯ ದಿನವೇ ‘ಹೊಂದುವುದಿಲ್ಲ’ ಎಂದು ವಾಪಸ್ ತರುತ್ತಾರೆ. ನಮ್ಮದು ಪೂರ್ತಿ ನಮ್ಮದಾಗಲು ಮೂರು ತಿಂಗಳು ಹಿಡಿಯಿತು.
– ಗೃಹಿಣಿ, ಕಲ್ಯಾಣಪುರ, ಉಡುಪಿ

ಪ್ರಾಯದ ನಾಯಿ ಎಂದರೆ ಆಸ್ಪತ್ರೆ ಖರ್ಚು ಎಂಬ ಅಂಜಿಕೆ ಜನರಲ್ಲಿದೆ. ಅದಕ್ಕೆ ಕಾಗದಗಳಿಂದಲೇ ಉತ್ತರ ಕೊಡಿ. ಮೂತ್ರಪಿಂಡ, ಯಕೃತ್ತು ಮತ್ತು ಉಣ್ಣಿ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಹಲ್ಲು ತೋರಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ದಾಖಲೆ, ರೇಬಿಸ್ ಲಸಿಕೆಯ ಪುಸ್ತಕ ಎಲ್ಲವೂ ಒಂದೇ ಫೈಲಿನಲ್ಲಿರಲಿ. ಕರಾವಳಿಯ ಮಳೆಗಾಲದಲ್ಲಿ ಇಲಿ ಜ್ವರ ಮನುಷ್ಯರಿಗೆ ಬರುವಂತೆ ನಾಯಿಗೂ ಬರುತ್ತದೆ, ಅದರ ಲಸಿಕೆಯನ್ನು ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಇನ್ನೊಂದು ಮಾತು. ವಯಸ್ಸಾದ ನಾಯಿಯ ಕಣ್ಣು ನೀಲಿಯಾಗಿ ಮಬ್ಬು ಕಂಡರೆ ಅದು ಪೊರೆಯೇ ಆಗಿರಬೇಕೆಂದಿಲ್ಲ. ಕಣ್ಣಿನ ಮಸೂರ ಗಟ್ಟಿಯಾದಾಗಲೂ ಹಾಗೆ ಕಾಣುತ್ತದೆ, ದೃಷ್ಟಿ ಬಹುಮಟ್ಟಿಗೆ ಉಳಿದಿರುತ್ತದೆ. ‘ಕುರುಡು ನಾಯಿ’ ಎಂದುಕೊಂಡು ಬಂದವರು ಹಿಂತಿರುಗದಂತೆ, ವೈದ್ಯರಿಗೆ ತೋರಿಸಿ ಒಂದು ಸಾಲು ಬರೆಸಿಟ್ಟುಕೊಳ್ಳಿ.
– ಪಶುವೈದ್ಯ, ಮಂಗಳೂರು

ಕೊಡುವ ಅವಸರದಲ್ಲಿ ಯಾರಿಗೋ ಕೊಟ್ಟುಬಿಡಬೇಡಿ ತಂಗೀ. ನಾನು ಆ ತಪ್ಪು ಮಾಡಿದ್ದೇನೆ. ‘ತೋಟ ಕಾಯಲು ಒಂದು ನಾಯಿ ಬೇಕಿತ್ತು’ ಎಂದವರಿಗೆ ಕೊಟ್ಟೆ. ತಿಂಗಳ ನಂತರ ಹೋದರೆ ಪಂಪ್‌ಶೆಡ್ಡಿನ ಕಂಬಕ್ಕೆ ಕಟ್ಟಿದ್ದರು, ಸರಪಣಿ ಉಜ್ಜಿ ಕುತ್ತಿಗೆಯ ಕೂದಲೆಲ್ಲ ಹೋಗಿತ್ತು. ಅಲ್ಲಿಂದಲೇ ಬಿಚ್ಚಿ ರಿಕ್ಷಾದಲ್ಲಿ ವಾಪಸ್ ತಂದೆ. ನಮ್ಮ ಕಡೆ ಕಾಡಂಚಿನ ಮನೆಗಳಿಗೆ ಚಿರತೆ ಬರುವುದೇ ನಾಯಿಗಾಗಿ. ರಾತ್ರಿ ಅಂಗಳದಲ್ಲಿ ಕಟ್ಟಿದ ಮುದಿ ನಾಯಿ ಓಡುವುದಾದರೂ ಎಲ್ಲಿಗೆ? ಆದ್ದರಿಂದ ಬಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ: ‘ರಾತ್ರಿ ಇದು ಎಲ್ಲಿ ಮಲಗುತ್ತದೆ?’ ಮನೆ ನೋಡದೆ ಕೊಡಬೇಡಿ. ಆಗದಿದ್ದರೆ ನಿಮಗೇ ಮರಳಿಸಬೇಕು ಎಂದು ಬರೆಸಿಕೊಳ್ಳಿ. ಬೀದಿನಾಯಿಯನ್ನು ದತ್ತು ಪಡೆದವರು ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.
– ಕೃಷಿಕ, ಬ್ರಹ್ಮಾವರ

ಅಪಾರ್ಟ್‌ಮೆಂಟಿನವರು ಕೇಳಿದರೆ ‘ಅಲ್ಲಿ ಬಿಡುವುದಿಲ್ಲ’ ಎಂದು ನೀವೇ ಹಿಂಜರಿಯಬೇಡಿ. ನಿವಾಸಿಗಳ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲಿದೆ. ದಿನಕ್ಕೆರಡು ಬಾರಿ ನಿಧಾನವಾಗಿ ನಡೆದುಬಂದು ಉಳಿದ ಹೊತ್ತು ಮಲಗುವ ನಾಯಿಗೆ ಎರಡು ಕೋಣೆಯ ಫ್ಲಾಟ್ ಸಾಕು. ನಮ್ಮದು ಐದನೆಯ ಮಹಡಿ. ಲಿಫ್ಟ್ ಕೈಕೊಟ್ಟ ದಿನ ಮಾತ್ರ ನಮ್ಮ ಹನ್ನೊಂದು ವರ್ಷದವನನ್ನು ಎತ್ತಿಕೊಂಡು ಹತ್ತುತ್ತೇನೆ.
– ಬ್ಯಾಂಕ್ ಉದ್ಯೋಗಿ, ಕದ್ರಿ

ನನಗೆ 68, ಮನೆಯವರಿಗೆ 72. ಮಕ್ಕಳಿಬ್ಬರೂ ಗಲ್ಫಿನಲ್ಲಿದ್ದಾರೆ. ನಮ್ಮ ಹಳೆಯ ನಾಯಿ ಹೋದ ಮೇಲೆ ಮರಿ ತರುವ ಧೈರ್ಯವಾಗಲಿಲ್ಲ. ಅದು ಹದಿನಾಲ್ಕು ವರ್ಷ ಬದುಕಿದರೆ ಕೊನೆಗೆ ನೋಡಿಕೊಳ್ಳುವವರು ಯಾರು ಎಂಬ ಚಿಂತೆ. ದೊಡ್ಡ ಪ್ರಾಯದ ನಾಯಿ ಮನೆಗೆ ಬರಬಹುದೆಂದು ನಿಮ್ಮ ಪತ್ರ ಓದುವವರೆಗೆ ಹೊಳೆದಿರಲಿಲ್ಲ. ಹತ್ತು ವರ್ಷದ ನಾಯಿ ಮೆಟ್ಟಿಲು ಹತ್ತುತ್ತದೆಯೇ? ಜಗಲಿಗೆ ನಾಲ್ಕು ಮೆಟ್ಟಿಲಿವೆ, ಬೇಕಾದರೆ ಹಲಗೆ ಇಡಿಸುತ್ತೇವೆ. ಕುಚ್ಚಲಕ್ಕಿ ಗಂಜಿ ಉಣ್ಣುತ್ತದೆಯೇ? ನಮಗೆ ಹುಷಾರಿಲ್ಲದ ದಿನಗಳಲ್ಲಿ ನೀವು ಇಟ್ಟುಕೊಳ್ಳುವಿರಾದರೆ, ಈ ಭಾನುವಾರ ಬೆಳಗ್ಗೆ ನೋಡಲು ಬರುತ್ತೇವೆ.
– ನಿವೃತ್ತ ಶಿಕ್ಷಕಿ, ಕುಲಶೇಖರ