ಹಳೇ ಲಾರಿ ಎಂಜಿನ್‌ನಲ್ಲಿ ಡೀಸೆಲ್ ಸೋರಿಕೆ, ಎಷ್ಟು ಬಿಗಿದರೂ ನಿಲ್ಲುತ್ತಿಲ್ಲ

ಹಳೇಲಾರಿ:
ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಲಾರಿ, ಆರು ಸಿಲಿಂಡರ್, ಇನ್‌ಲೈನ್ ಪಂಪ್ (ನಾಜಲ್‌ಗಳಿಗೆ ಡೀಸೆಲ್ ಒತ್ತುವ ದೊಡ್ಡ ಪಂಪ್), ಎಲೆಕ್ಟ್ರಾನಿಕ್ಸ್ ಅನ್ನೋದು ಹುಡುಕಿದರೂ ಸಿಗುವುದಿಲ್ಲ. ಎರಡು ತಿಂಗಳಿಂದ ಡೀಸೆಲ್ ಸೋರುತ್ತಿದೆ. ಪಂಪಿನ ಕೆಳಭಾಗ ಯಾವಾಗಲೂ ಒದ್ದೆ, ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ನೆಲದ ಮೇಲೆ ಅಂಗೈ ಅಗಲದ ಕಲೆ. ಅದಕ್ಕಿಂತ ದೊಡ್ಡ ತಲೆನೋವು ಸ್ಟಾರ್ಟಿಂಗ್. ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸುಸ್ತಾಗುತ್ತದೆ, ಆದರೆ ಹ್ಯಾಂಡ್ ಪಂಪ್ ಇಪ್ಪತ್ತು ಸಲ ಒತ್ತಿ ಹೊಡೆದರೆ ತಕ್ಷಣ ಎದ್ದು ಕೂರುತ್ತದೆ. ಆಮೇಲೆ ದಿನವಿಡೀ ಏನೂ ತಕರಾರಿಲ್ಲ.

ಫಿಲ್ಟರ್ ಬದಲಾಯಿಸಿದ್ದೇನೆ. ಫಿಲ್ಟರ್ ಹತ್ತಿರ ಪೈಪ್ ಕೂಡಿಸುವ ಬ್ಯಾಂಜೋ ಬೋಲ್ಟ್‌ಗಳನ್ನು ಬಿಗಿದೆ, ಎರಡು ದಿನ ನಿಂತಿತು, ಮತ್ತೆ ಶುರು. ಮತ್ತೆ ಬಿಗಿದೆ. ನಾಲ್ಕನೇ ಸಲ ಬಿಗಿಯುವಾಗ ಬೋಲ್ಟಿನ ತಲೆ ಮುರಿದು ಕೈಗೆ ಬಂತು (ನಗಬೇಡಿ). ಹೊಸ ಬೋಲ್ಟ್ ಹಾಕಿ ಓಡಿಸುತ್ತಿದ್ದೇನೆ. ನೋಡಿದ ಮೆಕ್ಯಾನಿಕ್ ಪಂಪ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು ಅಂದರು. ನಿಜವಾಗಲೂ ಬೇಕಾ? ಇನ್ನೊಂದು, ಆಯಿಲ್ ಕಡ್ಡಿಯಲ್ಲಿ ಮಟ್ಟ ಮೇಲಿನ ಗುರುತಿಗಿಂತ ಸ್ವಲ್ಪ ಜಾಸ್ತಿ ಕಾಣಿಸುತ್ತಿದೆ. ಬಹುಶಃ ನಾನೇ ಜಾಸ್ತಿ ಹಾಕಿರಬೇಕು.

ನಾಜಲ್ ನಾಣಿ:
ಅಣ್ಣಾ, ಕೊನೇ ಸಾಲಿನಲ್ಲಿ ಆಯಿಲ್ ಬಗ್ಗೆ ಸುಮ್ನೆ ಬರೆದಿದ್ದೀರಲ್ಲ, ಮೊದಲು ನೋಡಬೇಕಾದದ್ದೇ ಅದು. ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಕಡ್ಡಿ ತೆಗೆದು ಮೂಸಿ ನೋಡಿ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಬಿಡಿ. ಕಪ್ಪು ಕಲೆಯ ಸುತ್ತ ತೆಳುವಾದ ಎಣ್ಣೆಯ ಉಂಗುರ ದೂರದವರೆಗೂ ಹರಡಿದರೆ ಡೀಸೆಲ್ ಸೇರಿರುವ ಅನುಮಾನ ಗಟ್ಟಿ. ಹಾಗಿದ್ದರೆ ಅದು ಸರಿಯಾಗುವ ತನಕ ಗಾಡಿ ತೆಗೆಯಬೇಡಿ. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ. ಮಟ್ಟ ತೀರಾ ಏರಿದರೆ ಎಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಉರಿಸಿ, ಆಕ್ಸಿಲರೇಟರ್ ಬಿಟ್ಟರೂ ಕೀ ತೆಗೆದರೂ ನಿಲ್ಲದೆ ರೇಸ್ ಆಗಬಹುದು. ಒಮ್ಮೆ ನೋಡಿದ್ದೇನೆ, ಇನ್ನೊಮ್ಮೆ ನೋಡುವ ಆಸೆ ಇಲ್ಲ.

ಎಲ್ಲಿಂದ ಸೇರುತ್ತದೆ ಅಂದರೆ, ನಿಮ್ಮದು ಇನ್‌ಲೈನ್ ಪಂಪ್, ಅದರ ಪಕ್ಕಕ್ಕೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಕೂತಿರುತ್ತದೆ. ಅದರೊಳಗೆ ಒಂದು ಸಣ್ಣ ಕಡ್ಡಿ ಹಿಂದೆ ಮುಂದೆ ಓಡಾಡುತ್ತದೆ. ಆ ಕಡ್ಡಿಯೂ ಸೀಲೂ ಸವೆದರೆ ಡೀಸೆಲ್ ದೊಡ್ಡ ಪಂಪಿನೊಳಗಿನ ಕ್ಯಾಮ್ (ಆ ಕಡ್ಡಿಯನ್ನು ತಳ್ಳುವ ದಂಡ) ಕಡೆಗೆ ಇಳಿಯುತ್ತದೆ. ನಿಮ್ಮ ಪಂಪಿಗೆ ಎಂಜಿನ್ ಆಯಿಲೇ ಬರುವುದಾದರೆ ಅಲ್ಲಿಂದ ನೇರವಾಗಿ ಎಂಜಿನ್ ಆಯಿಲ್ ನಿಲ್ಲುವ ಚೇಂಬರಿಗೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಫೀಡ್ ಪಂಪ್ ಬೇರೆಯಾಗಿಯೇ ಬಿಚ್ಚಿಕೊಂಡು ಬರುತ್ತದೆ, ರಿಪೇರಿ ಕಿಟ್ ಹಾಕಬಹುದು ಅಥವಾ ಅದೊಂದನ್ನೇ ಬದಲಾಯಿಸಬಹುದು. ಅದನ್ನು ನೋಡದೆ ದೊಡ್ಡ ಪಂಪ್ ಇಳಿಸಲು ಹೊರಡಬೇಡಿ. ಫೀಡ್ ಪಂಪಿನ ಕಡ್ಡಿ ಚೆನ್ನಾಗಿದ್ದೂ ಆಯಿಲ್ ಏರುತ್ತಿದ್ದರೆ ಆಗ ಮೆಕ್ಯಾನಿಕ್ ಹೇಳಿದ್ದು ನಿಜವಿರಬಹುದು, ದೊಡ್ಡ ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್‌ಗಳು ಸವೆದರೂ ಹೀಗೇ ಆಗುತ್ತದೆ.

ಗ್ರೀಸ್ ಕೈ:
ನಾಣಿ ಹೇಳಿದ್ದು ಸರಿ. ನಾನು ಹೊರಗಿನ ಸೋರಿಕೆ ಬಗ್ಗೆ ಬರೆಯುತ್ತೇನೆ.

ಡೀಸೆಲ್‌ಗೆ ಒಂದು ಕೆಟ್ಟ ಅಭ್ಯಾಸ, ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಮೇಲೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಹತ್ತಿರ ಜಿನುಗಿದ್ದು ಪೈಪಿನ ಗುಂಟ ಇಳಿದು ಪಂಪಿನ ಕೆಳಗೆ ಹನಿಯುತ್ತದೆ, ನಾವು ಪಂಪಿಗೆ ಬೈಯುತ್ತೇವೆ. ಹಾಗಾಗಿ ಸ್ಪ್ಯಾನರ್ ಕೆಳಗಿಡಿ. ಎಂಜಿನ್ ತಣ್ಣಗಿರುವಾಗ ಆ ಪಕ್ಕವನ್ನೆಲ್ಲ ಡಿಗ್ರೀಸರ್ ಹಾಕಿ ಬ್ರಷ್‌ನಿಂದ ತೊಳೆಯಿರಿ, ಗಾಳಿ ಹೊಡೆದು ಪೂರ್ತಿ ಒಣಗಿಸಿ, ಮೇಲೆ ತೆಳುವಾಗಿ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ಆಮೇಲೆ ಹ್ಯಾಂಡ್ ಪಂಪ್ ಒತ್ತುತ್ತಾ ಟಾರ್ಚ್ ಹಿಡಿದು ನೋಡಿ. ಒದ್ದೆಯಾದ ಜಾಗದಲ್ಲಿ ಪೌಡರ್ ಬಣ್ಣ ತಿರುಗುತ್ತದೆ. ಒದ್ದೆ ಗೆರೆಯ ಕೆಳತುದಿ ಬಿಟ್ಟು ಮೇಲಿನ ತುದಿ ಹುಡುಕಿ, ಕಳ್ಳ ಅಲ್ಲೇ ಇರುತ್ತಾನೆ. ಇಷ್ಟಕ್ಕೆ ಸಿಗದಿದ್ದರೆ, ಆಯಿಲ್‌ನಲ್ಲಿ ಡೀಸೆಲ್ ಇಲ್ಲ ಅಂತ ಖಚಿತವಾದ ಮೇಲೆ ಹತ್ತು ನಿಮಿಷ ಓಡಿಸಿ ಮತ್ತೆ ನೋಡಿ.

ಓಡುತ್ತಿರುವಾಗ ನಾಜಲ್ ಪೈಪ್‌ಗಳ ಹತ್ತಿರ ಕೈ ಬೆರಳು ಹಾಕಿ ತಡಕಬೇಡಿ, ಇದನ್ನು ತಮಾಷೆಗೆ ಹೇಳುತ್ತಿಲ್ಲ. ಫೀಡ್ ಪಂಪ್ ಕಡೆ ಒತ್ತಡ 1–2 ಬಾರ್ ಇರಬಹುದು, ನಾಜಲ್ ಕಡೆ ಸುಮಾರು 200 ಬಾರ್ ಅಥವಾ ಅದಕ್ಕಿಂತ ಜಾಸ್ತಿ. ಕೂದಲೆಳೆಯಂಥ ಬಿರುಕಿನಿಂದ ಬರುವ ಧಾರೆ ಕಣ್ಣಿಗೆ ಕಾಣದೇ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೊದಲಿಗೆ ಸೂಜಿ ಚುಚ್ಚಿದ ಹಾಗೆ ಅಷ್ಟೇ, ಆಮೇಲೆ ಬೆರಳೇ ಕಳೆದುಕೊಳ್ಳಬೇಕಾಗಬಹುದು. ನೋವಿಲ್ಲ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ, ಕನ್ನಡಕ ಹಾಕಿಕೊಳ್ಳಿ.

ಈಗ ಬೆಳಗಿನ ಸ್ಟಾರ್ಟಿಂಗ್. ನಿಂತಾಗ ಡೀಸೆಲ್ ಹೊರಬರುವ ತೂತಿನಿಂದಲೇ ಗಾಳಿಯೂ ಒಳಗೆ ಹೋಗಬಹುದು. ರಾತ್ರಿಯೆಲ್ಲ ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಎಳೆಯುವ ಲೈನ್ ಅಂತೂ ಇನ್ನೂ ಮೋಸ, ಅಲ್ಲಿ ತೂತಿದ್ದರೆ ಎಂಜಿನ್ ಓಡುವಾಗ ಹನಿ ಬರುವುದೇ ಇಲ್ಲ, ಬರೀ ಗಾಳಿ ಎಳೆಯುತ್ತದೆ. ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ತಾತ್ಕಾಲಿಕವಾಗಿ ಹಾಕಿ ನೋಡಿ. ಗುಳ್ಳೆ ಸಾಲಾಗಿ ಬರುತ್ತಿದ್ದರೆ ತೊಂದರೆ ಟ್ಯಾಂಕಿನ ಕಡೆಗಿದೆ.

ಹೊಸಬ:
ಬ್ಯಾಂಜೋ ಬೋಲ್ಟಿಗೆ ನಾಲ್ಕು ಸುತ್ತು ಟೆಫ್ಲಾನ್ ಟೇಪ್ ಸುತ್ತಿದರೆ ಆಗಲ್ವಾ? ನಲ್ಲಿಗೆ ಹಾಕುತ್ತೇವಲ್ಲ.

ಗ್ರೀಸ್ ಕೈ:
ಬೇಡ ತಮ್ಮಾ. ಅಲ್ಲಿ ಸೀಲ್ ಆಗುವುದು ವಾಷರ್ ಮೇಲೆ, ಬೋಲ್ಟಿನ ಮರೆ (ಥ್ರೆಡ್) ಮೇಲೆ ಅಲ್ಲವೇ ಅಲ್ಲ. ಟೇಪಿನ ಚೂರು ಕಿತ್ತು ಬಂದು ಪಂಪಿನ ವಾಲ್ವ್‌ನಲ್ಲಿ ಸಿಕ್ಕಿಕೊಂಡರೆ ಇಲ್ಲದ ಕೆಲಸ ಬರುತ್ತದೆ.

ತಾಮ್ರದ ವಾಷರ್:
ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ ನಾನೇನು ಹೇಳುತ್ತೇನೆ ಅಂತ. ಬ್ಯಾಂಜೋ ಬೋಲ್ಟ್ ತೂರುವ ಪೈಪಿನ ತಲೆಯ ಮೇಲೊಂದು ಕೆಳಗೊಂದು ತಾಮ್ರದ ವಾಷರ್ ಇರುತ್ತದೆ. ಒಮ್ಮೆ ಬಿಗಿದ ಮೇಲೆ ಅದು ಗಟ್ಟಿಯಾಗಿಬಿಡುತ್ತದೆ. ಗಟ್ಟಿ ವಾಷರ್‌ನ ಮೇಲೆ ಮತ್ತೆ ಬಿಗಿದರೆ ಒತ್ತಡವೆಲ್ಲ ಬೋಲ್ಟಿನ ಮೇಲೆ, ಬೋಲ್ಟ್ ಒಳಗೆ ಟೊಳ್ಳು, ಮುರಿಯದೆ ಇನ್ನೇನು ಮಾಡುತ್ತದೆ ಪಾಪ. ಪ್ರತಿ ಸಲ ಬಿಚ್ಚಿದಾಗ ಹೊಸ ವಾಷರ್ ಹಾಕಿ. ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗಾಗುವ ತನಕ ಕಾಯಿಸಿ ನೀರಿಗೆ ಹಾಕಿ. ಉಕ್ಕು ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಕರಿ ಪೊರೆಯನ್ನು ಸಣ್ಣ ಮರಳು ಕಾಗದದಲ್ಲಿ ಉಜ್ಜಿ ತೆಗೆದು ಹಾಕಿ. ವಾಷರ್ ಕೂರುವ ಮುಖದಲ್ಲಿ ಗೀರು ಇದ್ದರೆ ಹೊಸ ವಾಷರ್ ಹಾಕಿದರೂ ಸೋರುತ್ತದೆ, ಅದನ್ನೂ ಬೆಳಕಿಗೆ ಹಿಡಿದು ನೋಡಿ.

ನಾಜಲ್ ನಾಣಿ:
ಕಾಯಿಸಿ ಹಾಕುವುದು ದಾರಿ ಮಧ್ಯದ ಉಪಾಯ ಅಷ್ಟೇ ಅಂತ ನನ್ನ ಅಭಿಪ್ರಾಯ. ಒಂದು ಡಬ್ಬಿ ಹೊಸ ವಾಷರ್ ಗಾಡಿಯಲ್ಲೇ ಇಟ್ಟುಕೊಳ್ಳಿ. ಮತ್ತೆ, ನಾಜಲ್‌ಗಳ ಮೇಲೆ ಒಂದರಿಂದ ಒಂದಕ್ಕೆ ಹೋಗುವ, ಮಿಕ್ಕ ಡೀಸೆಲ್ ವಾಪಸ್ ಒಯ್ಯುವ ರಿಟರ್ನ್ ಪೈಪ್‌ಗಳನ್ನು ಯಾರೂ ಹೇಳಲಿಲ್ಲ. ನಿಮ್ಮದರಲ್ಲಿ ಅವು ರಬ್ಬರ್ ಆಗಿದ್ದರೆ ಬೆರಳಿನಿಂದ ಬಗ್ಗಿಸಿ ನೋಡಿ, ಬಿರುಕು ಬಾಯಿ ತೆರೆಯುತ್ತದೆ. ಒಂದನ್ನು ಬದಲಾಯಿಸಿದರೆ ಎಲ್ಲವನ್ನೂ ಬದಲಾಯಿಸಿ, ವಯಸ್ಸು ಒಂದೇ. ಡೀಸೆಲ್‌ಗೆ ಅಂತಲೇ ಬರುವ ಪೈಪ್ ಹಾಕಿ, ನೀರಿನ ಪೈಪ್ ಹಾಕಿದರೆ ಕೆಲವೇ ದಿನದಲ್ಲಿ ಊದಿಕೊಂಡು ಕಳಚಿ ಬರುತ್ತದೆ. ಹಳೇ ರಬ್ಬರ್ ಸೀಲ್‌ಗಳಿಗೆ ಇನ್ನೊಂದು ಕಾಟ, ಗಂಧಕ ಕಡಿಮೆ ಮಾಡಿದ ಡೀಸೆಲ್ ಬಂದಾಗ ಎಷ್ಟೋ ವರ್ಷ ನೆಟ್ಟಗಿದ್ದ ಸೀಲ್‌ಗಳು ಕುಗ್ಗಿ ಸೋರಿದ ಉದಾಹರಣೆಗಳಿವೆ.

ಹಳೇಲಾರಿ:
ಎಲ್ಲರಿಗೂ ಥ್ಯಾಂಕ್ಸ್, ಒಂದು ವಾರ ಆಯಿತು, ಆದದ್ದು ಹೇಳುತ್ತೇನೆ.

ಕಾಗದದ ಮೇಲೆ ಉಂಗುರ ಬಂತು. ನಾನೇ ಜಾಸ್ತಿ ಹಾಕಿದ್ದಲ್ಲ. ಫೀಡ್ ಪಂಪ್ ಬಿಚ್ಚಿದೆ, ಕಡ್ಡಿ ಬೆರಳಿನಲ್ಲಿ ಅಲ್ಲಾಡಿಸಿದರೆ ಆಡುತ್ತಿತ್ತು. ಹೊಸ ಫೀಡ್ ಪಂಪ್ ಹಾಕಿ, ಆಯಿಲೂ ಆಯಿಲ್ ಫಿಲ್ಟರೂ ಬದಲಾಯಿಸಿದೆ. ಪೌಡರ್ ಹಾಕಿ ನೋಡಿದಾಗ ಹೊರಗಿನ ಕಳ್ಳ ಸಿಕ್ಕಿದ್ದು ನಾಲ್ಕನೇ ನಾಜಲ್‌ನ ರಿಟರ್ನ್ ಪೈಪ್. ಅಲ್ಲಿಂದ ಇಳಿದು ಬರುತ್ತಿತ್ತು, ನಾನು ಎರಡು ತಿಂಗಳು ಫಿಲ್ಟರ್ ಬೋಲ್ಟ್ ಬಿಗಿಯುತ್ತಿದ್ದೆ! ಆರೂ ಪೈಪ್ ಹೊಸದು, ವಾಷರ್ ಎಲ್ಲ ಹೊಸದು. ಏರ್ ತೆಗೆಯುವಾಗ ಮೊದಲು ಫಿಲ್ಟರ್ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ ಸಡಿಲ ಮಾಡಿ ಗುಳ್ಳೆ ನಿಲ್ಲುವ ತನಕ ಹ್ಯಾಂಡ್ ಪಂಪ್ ಒತ್ತಿದೆ. ಈಗ ಬೆಳಗ್ಗೆ ಅರ್ಧ ಸುತ್ತಿಗೇ ಸ್ಟಾರ್ಟ್. ಆಯಿಲ್ ಕಡ್ಡಿಯಲ್ಲಿ ಮಟ್ಟವೂ ಏರಿಲ್ಲ.

ಒಂದೇ ಉಳಿದಿದೆ. ದೊಡ್ಡ ಪಂಪಿನ ಮೇಲೆ ನಾಜಲ್ ಪೈಪ್ ಕೂರುವ ಒಂದು ಡೆಲಿವರಿ ವಾಲ್ವ್ ಹೋಲ್ಡರ್ ಬುಡದಲ್ಲಿ ಸಂಜೆಗೆ ಸ್ವಲ್ಪ ತೇವ. ಸ್ಪ್ಯಾನರ್ ಹಾಕಿ ಒಂದು ಚೂರು ತಿರುಗಿಸಲಾ?

ಗ್ರೀಸ್ ಕೈ:
ಮತ್ತೆ ಶುರು ಮಾಡಿದಿರಾ 😄 ಅದನ್ನು ಅಂದಾಜಿನಲ್ಲಿ ಬಿಗಿಯುವ ಹಾಗಿಲ್ಲ. ಜಾಸ್ತಿ ಆದರೆ ಪ್ಲಂಜರ್ ಓಡಾಡುವ ಒಳಗಿನ ಬ್ಯಾರಲ್ ಒತ್ತಿಕೊಂಡು ಪ್ಲಂಜರ್ ಹಿಡಿಯುತ್ತದೆ. ನಿಮ್ಮ ಪಂಪ್ ನಂಬರಿಗೆ ಕೊಟ್ಟಿರುವ ಟಾರ್ಕ್ ನೋಡಿ ಟಾರ್ಕ್ ರೆಂಚ್‌ನಲ್ಲಿ ಮಾಡಬೇಕು, ಅದಕ್ಕೂ ನಿಲ್ಲದಿದ್ದರೆ ಸೀಲ್ ಬದಲಾಯಿಸಬೇಕು, ಧೂಳಿಲ್ಲದ ಕಡೆ. ತೇವ ಅಷ್ಟೇ ಆಗಿದ್ದರೆ ಒರೆಸಿ, ಒಂದು ವಾರ ಬಿಟ್ಟು ಪೌಡರ್ ಹಾಕಿ ನೋಡಿ, ಹನಿ ಕಟ್ಟಿದರೆ ಬರೆಯಿರಿ.