ಐವಿಎಫ್‌ಗೆ ಸಹಿ ಹಾಕುವ ಮೊದಲು ಕ್ರೈಸ್ತ ದಂಪತಿ ಏನೇನು ತೀರ್ಮಾನಿಸಿರಬೇಕು?

ಬೆರೋಯ_ಓದುಗ

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆ. ಸಭೆಗಳಲ್ಲಿ ಮಕ್ಕಳಿಲ್ಲದ ದಂಪತಿಗಳಿಗೆ ಸಲಹೆ ಕೊಡುವವರಿಗಾಗಿ ಒಂದು ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಐವಿಎಫ್, ಅಂದರೆ ಲ್ಯಾಬಿನಲ್ಲಿ ಅಂಡಾಣುವಿಗೆ ವೀರ್ಯಾಣು ಸೇರಿಸಿ ಭ್ರೂಣವನ್ನು ಗರ್ಭಕ್ಕೆ ಬಿಡುವ ಚಿಕಿತ್ಸೆ, ಸರಿಯೋ ತಪ್ಪೋ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ನನಗೆ ಬೇಕಾದದ್ದು ಒಳಗಿನ ವಿವರ. ಗರ್ಭಧಾರಣೆಯ ಕ್ಷಣದಿಂದಲೇ ಅದು ಮನುಷ್ಯಜೀವ ಎಂದು ನಂಬುವ ಗಂಡ ಹೆಂಡತಿ, ಹೆಚ್ಚುವರಿ ಭ್ರೂಣಗಳು ಉಳಿಯದ ಹಾಗೆ ಈ ಚಿಕಿತ್ಸೆ ಪಡೆಯಲು ಆಗುತ್ತದೆಯೇ? ಯಾವ ಹಂತದಲ್ಲಿ ಯಾರಿಗೆ ಏನು ಹೇಳಬೇಕು? ಕ್ಯಾಥೊಲಿಕರಿಗೆ ಯಾವ ದಾರಿಗಳಿವೆ? ಈಗಾಗಲೇ ಭ್ರೂಣಗಳನ್ನು ಶೇಖರಿಸಿಟ್ಟವರಿಗೆ ಏನು ಹೇಳುವುದು?

ಲ್ಯಾಬ್_ಬೆಂಚು

ಬೆರೋಯ ಅವರೇ, ಆಗುತ್ತದೆ. ಆದರೆ ಮೊದಲ ಹಾರ್ಮೋನ್ ಇಂಜೆಕ್ಷನ್‌ಗೂ ಮುಂಚೆ ತೀರ್ಮಾನ ಆಗಿರಬೇಕು. ಬಹುತೇಕ ಕಡೆ, ಸಿಕ್ಕ ಪಕ್ವ ಅಂಡಾಣುಗಳಷ್ಟಕ್ಕೂ ಅದೇ ದಿನ ವೀರ್ಯಾಣು ಸೇರಿಸಿಬಿಡುವುದು ರೂಢಿ. ದಂಪತಿ ಏನೂ ಹೇಳದಿದ್ದರೆ ಅದಕ್ಕೆ ಒಪ್ಪಿದ ಹಾಗೆಯೇ. ಭ್ರೂಣಗಳನ್ನು ಏನು ಮಾಡುವುದೆಂದು ಆಮೇಲೆ ಕೂತು ಪ್ರಾರ್ಥಿಸುವವರು ನಿಜವಾದ ತೀರ್ಮಾನದ ಹೊತ್ತನ್ನು ದಾಟಿ ಬಂದಿರುತ್ತಾರೆ.

ಲೆಕ್ಕ ಹೀಗೆ. 8ರಿಂದ 14 ದಿನ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್, ಕೊನೆಗೆ ಅಂಡಾಣುಗಳನ್ನು ಪಕ್ವಗೊಳಿಸುವ ಟ್ರಿಗರ್ ಇಂಜೆಕ್ಷನ್. ಅದಾದ 34–36 ಗಂಟೆಗೆ ಅಂಡಾಣು ತೆಗೆಯುತ್ತಾರೆ. 12 ಸಿಕ್ಕವು ಎಂದುಕೊಳ್ಳಿ. ಅವುಗಳಲ್ಲಿ ಪಕ್ವವಾದವು 9–10, ಫಲಿತವಾಗುವುದು 6–7, ಐದನೆಯ ಅಥವಾ ಆರನೆಯ ದಿನ ಬ್ಲಾಸ್ಟೊಸಿಸ್ಟ್ (ನೆಲೆಯೂರುವ ಹಂತಕ್ಕೆ ಬೆಳೆದ ಭ್ರೂಣ) ಆಗುವುದು 3ರ ಆಸುಪಾಸು. ಇದು ಸರಾಸರಿ. ವಯಸ್ಸು ಹೆಚ್ಚಾದಂತೆ ಎಲ್ಲ ಹಂತದಲ್ಲೂ ಸಂಖ್ಯೆ ಕುಸಿಯುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದರ ಎರಡರಷ್ಟೂ ಆಗಬಹುದು. ಗರ್ಭಕೋಶಕ್ಕೆ ಬಿಡುವುದು ಒಂದನ್ನು. ಉಳಿದವು ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಹೋಗುತ್ತವೆ.

ಇದನ್ನು ತಪ್ಪಿಸುವ ದಾರಿ: ಆಯ್ದ ಕೆಲವು ಅಂಡಾಣುಗಳಿಗೆ ಮಾತ್ರ ವೀರ್ಯಾಣು ಸೇರಿಸಿ, ಉಳಿದವನ್ನು ಅಂಡಾಣುಗಳಾಗಿಯೇ ಫ್ರೀಜ್ ಮಾಡಿಸುವುದು. ಅಂಡಾಣು ಅಂಡಾಣುವಷ್ಟೇ, ಭ್ರೂಣವಲ್ಲ. ಬೇಡವಾದರೆ ಅದನ್ನು ಬಿಟ್ಟುಬಿಡುವುದರಲ್ಲಿ ನೈತಿಕ ತೊಡಕಿಲ್ಲ. ಹಿಂದೆ ನಿಧಾನವಾಗಿ ತಣಿಸುತ್ತಿದ್ದಾಗ ಒಳಗಿನ ನೀರು ಹರಳುಗಟ್ಟಿ ಅಂಡಾಣು ಹಾಳಾಗುತ್ತಿತ್ತು. ನೀರು ಹರಳುಗಟ್ಟದಂತೆ ಅತಿ ವೇಗವಾಗಿ ತಣಿಸುವ ವಿಟ್ರಿಫಿಕೇಶನ್ ಬಂದ ಮೇಲೆ, ಕೆಲಸ ಬಲ್ಲ ಲ್ಯಾಬುಗಳಲ್ಲಿ 80–90 ಶೇಕಡಾ ಉಳಿಯುತ್ತವೆ. ಕರಗಿಸಿದ ಅಂಡಾಣುಗಳಿಗೆ ಇಕ್ಸಿ ಮಾಡಲೇಬೇಕು, ಅಂದರೆ ಸೂಜಿಯಿಂದ ಒಂದೊಂದಕ್ಕೂ ಒಂದೊಂದು ವೀರ್ಯಾಣು ಸೇರಿಸಬೇಕು. ಫ್ರೀಜ್ ಮಾಡುವಾಗ ಸುತ್ತಲಿನ ಕೋಶಗಳನ್ನು ಬಿಡಿಸಿರುತ್ತಾರೆ, ಹೊರಪದರವೂ ಗಟ್ಟಿಯಾಗಿರುತ್ತದೆ.

ಎಷ್ಟು ಅಂಡಾಣುಗಳಿಗೆ ಸೇರಿಸಬೇಕು? ಎಲ್ಲವೂ ಬೆಳೆದರೂ ಎಲ್ಲಕ್ಕೂ ಗರ್ಭದಲ್ಲಿ ಜಾಗ ಕೊಡುತ್ತೇವೆ ಎಂದು ದಂಪತಿ ಮನಸಾರೆ ಹೇಳಬಲ್ಲ ಸಂಖ್ಯೆಯೇ ಮಿತಿ. ಮೂರು ಮಕ್ಕಳಿಗೆ ಸಿದ್ಧರಿದ್ದರೆ ಮೂರು ಅಂಡಾಣು. ಇದಕ್ಕೆ ಬೆಲೆ ಇದೆ, ಅದನ್ನು ಮುಚ್ಚಿಡಬಾರದು: ಮೂರರಿಂದ ಒಂದೂ ಬ್ಲಾಸ್ಟೊಸಿಸ್ಟ್ ಆಗದೆ ಹೋಗಬಹುದು. ಆಗ ಇನ್ನೊಂದಿಷ್ಟು ಅಂಡಾಣು ಕರಗಿಸಿ ಮತ್ತೆ ಮೊದಲಿಂದ. ಸಮಯ ಹೆಚ್ಚು, ಖರ್ಚು ಹೆಚ್ಚು.

ಮೂರು ಭ್ರೂಣಗಳನ್ನು ಒಟ್ಟಿಗೆ ಬಿಡುವುದು ಪರಿಹಾರವಲ್ಲ. ಇಟಲಿಯ 2004ರ ಕಾನೂನು ಮೂರಕ್ಕಿಂತ ಹೆಚ್ಚು ಭ್ರೂಣ ಮಾಡಬಾರದು, ಮಾಡಿದ್ದನ್ನೆಲ್ಲ ಒಂದೇ ಸಲ ಬಿಡಬೇಕು ಎಂದಿತ್ತು. ಭ್ರೂಣದ ಮೇಲಿನ ಗೌರವದಿಂದಲೇ ಬಂದ ನಿಯಮ, ಆದರೆ ತ್ರಿವಳಿ ಗರ್ಭದ ಅಪಾಯ ತಾಯಿಗೂ ಮಕ್ಕಳಿಗೂ ಬಿತ್ತು. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಮಿತಿಯನ್ನು ತೆಗೆದುಹಾಕಿತು. ಬಹುಗರ್ಭವಾದರೆ ಕೆಲವನ್ನು ಗರ್ಭದಲ್ಲೇ ಕೊನೆಗೊಳಿಸುವ ‘ರಿಡಕ್ಷನ್’ ಸಲಹೆ ಬರುತ್ತದೆ. ಅದು ಗರ್ಭಪಾತವೇ. ಹಾಗಾಗಿ ಒಂದು ಸಲಕ್ಕೆ ಒಂದೇ ಭ್ರೂಣ. ಎರಡನೆಯದೂ ಬೆಳೆದರೆ, ದಿನಾಂಕ ಗೊತ್ತುಮಾಡಿಕೊಂಡು ಸ್ವಲ್ಪ ಕಾಲ ಫ್ರೀಜ್ ಮಾಡುವುದು ಅನಿವಾರ್ಯ.

ಎಡವಟ್ಟಾಗುವ ಜಾಗಗಳು:

ಡಾಕ್ಟರಿಗೆ ಹೇಳಿದ್ದು ಲ್ಯಾಬಿಗೆ ಮುಟ್ಟುವುದಿಲ್ಲ. ಆ ದಿನ ಡ್ಯೂಟಿಯಲ್ಲಿರುವ ಎಂಬ್ರಿಯಾಲಜಿಸ್ಟ್ (ಲ್ಯಾಬಿನ ಭ್ರೂಣತಜ್ಞರು) ನೋಡುವುದು ತಮ್ಮ ಮುಂದಿನ ಹಾಳೆಯನ್ನು. ‘ಹೆಚ್ಚೆಂದರೆ ಮೂರು ಪಕ್ವ ಅಂಡಾಣುಗಳಿಗೆ ಮಾತ್ರ ಇಕ್ಸಿ, ಉಳಿದವನ್ನು ಫಲಿತಗೊಳಿಸದೆ ಫ್ರೀಜ್ ಮಾಡಬೇಕು’ ಎಂಬ ವಾಕ್ಯ ಒಪ್ಪಿಗೆ ಪತ್ರದಲ್ಲೂ ಲ್ಯಾಬ್ ಹಾಳೆಯಲ್ಲೂ ಇರಲಿ. ಅಂಡಾಣು ತೆಗೆಯುವ ದಿನ ಬೆಳಿಗ್ಗೆ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಲಿ.

ಗ್ರೇಡ್. ಭ್ರೂಣಗಳಿಗೆ ನೋಟದ ಮೇಲೆ ದರ್ಜೆ ಕೊಡುತ್ತಾರೆ; ಕೆಳದರ್ಜೆಯವನ್ನು ಕೇಳದೆಯೇ ವಿಲೇವಾರಿ ಮಾಡುವ ಸಾಲು ಒಪ್ಪಿಗೆ ಪತ್ರದಲ್ಲಿ ಇರಬಹುದು. ಬೆಳವಣಿಗೆ ಸಂಪೂರ್ಣ ನಿಂತ ಭ್ರೂಣ ಬೇರೆ, ಬೆಳೆಯುತ್ತಿದ್ದರೂ ಅಂದವಿಲ್ಲದ್ದು ಬೇರೆ. ‘ವಿಭಜನೆ ನಿಂತದ್ದು ಖಚಿತವಾಗುವವರೆಗೆ ವಿಲೇವಾರಿ ಬೇಡ’ ಎಂದು ಬರೆಸಬೇಕು.

ಪಿಜಿಟಿ-ಎ ಪರೀಕ್ಷೆ. ಬ್ಲಾಸ್ಟೊಸಿಸ್ಟ್‌ನ ಹೊರಪದರದಿಂದ 5–10 ಕೋಶ ತೆಗೆದು ಕ್ರೋಮೋಸೋಮ್ ಎಣಿಸುತ್ತಾರೆ. ಆ ಪದರ ಮುಂದೆ ಮಾಸುಚೀಲವಾಗುವುದು, ಮಗುವಲ್ಲ. ಎರಡರ ಕ್ರೋಮೋಸೋಮ್‌ಗಳೂ ಒಂದೇ ಆಗಿರಬೇಕೆಂದಿಲ್ಲ. ‘ಮೊಸಾಯಿಕ್’ (ಕೆಲವು ಕೋಶ ಸರಿ, ಕೆಲವು ದೋಷವುಳ್ಳವು) ಎಂದು ವರದಿ ಬಂದ ಭ್ರೂಣಗಳಿಂದ ಆರೋಗ್ಯವಂತ ಮಕ್ಕಳು ಹುಟ್ಟಿದ್ದು 2015ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಫಲಿತಾಂಶ ಏನೇ ಬಂದರೂ ಭ್ರೂಣವನ್ನು ಬಿಸಾಡುವುದಿಲ್ಲ ಎನ್ನುವವರಿಗೆ ಈ ಪರೀಕ್ಷೆಯಿಂದ ಹೆಚ್ಚೇನೂ ಸಿಗುವುದಿಲ್ಲ, ಮಾಡಿಸದಿರುವುದೇ ಸರಿ.

ಜಪಸರ

ಕ್ಯಾಥೊಲಿಕ್ ಭಾಗಕ್ಕೆ ನಾನು ಉತ್ತರಿಸುತ್ತೇನೆ. ವ್ಯಾಟಿಕನ್ ಹೊರಡಿಸಿದ 1987ರ ‘ದೋನುಂ ವೀತೇ’ ಮತ್ತು 2008ರ ‘ದಿಗ್ನಿತಾಸ್ ಪೆರ್ಸೋನೇ’ ಎಂಬ ಬೋಧನಾ ದಸ್ತಾವೇಜುಗಳು ಎರಡೂ ಐವಿಎಫ್ ಬೇಡವೆನ್ನುತ್ತವೆ, ಒಂದೇ ಭ್ರೂಣ ಮಾಡಿದರೂ. ಭ್ರೂಣನಾಶ ಒಂದು ಕಾರಣ ಮಾತ್ರ. ಮಗು ದಂಪತಿಯ ದೇಹಗಳ ಒಂದಾಗುವಿಕೆಯಿಂದ ಬರಬೇಕು, ಮೂರನೆಯವರ ತಾಂತ್ರಿಕ ಕ್ರಿಯೆಯಿಂದಲ್ಲ ಎಂಬುದು ಮೂಲ ಕಾರಣ. ಆದ್ದರಿಂದ ಲ್ಯಾಬ್_ಬೆಂಚು ಹೇಳಿದ ಎಚ್ಚರಿಕೆಗಳೆಲ್ಲ ಒಳ್ಳೆಯವೇ ಆದರೂ ಕ್ಯಾಥೊಲಿಕ್ ದಂಪತಿಯ ಮೂಲ ಪ್ರಶ್ನೆಯನ್ನು ಅವು ಬಿಡಿಸುವುದಿಲ್ಲ. ಹಾಗೆ ಹುಟ್ಟಿದ ಮಗುವಿನ ಘನತೆ ಒಂದಿಷ್ಟೂ ಕಡಿಮೆಯಲ್ಲ ಎಂದೂ ಧರ್ಮಸಭೆ ಸ್ಪಷ್ಟವಾಗಿ ಹೇಳುತ್ತದೆ. ಸಲಹೆ ಕೊಡುವವರು ಇದನ್ನು ತಪ್ಪದೆ ಹೇಳಬೇಕು. ಐವಿಎಫ್‌ನಿಂದ ಈಗಾಗಲೇ ಮಕ್ಕಳಾದವರೂ ಎದುರಿಗೆ ಕೂತಿರಬಹುದು.

ಸಂಭೋಗಕ್ಕೆ ಬದಲಿಯಾಗದೆ ಅದಕ್ಕೆ ನೆರವಾಗುವ ಚಿಕಿತ್ಸೆ ಯಾವುದಾದರೂ ಸರಿ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ, ಅಂಡಾಣು ಬಿಡುಗಡೆಯಾಗದಿದ್ದರೆ ಮುಟ್ಟಿನ ಮೂರನೆಯ ದಿನದಿಂದ ಐದು ದಿನ ಲೆಟ್ರೊಜೋಲ್ ಮಾತ್ರೆ, ಅಂಡನಾಳ ತೆರೆದಿದೆಯೇ ಎಂದು ಎಕ್ಸ್‌ರೇ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇದ್ದರೆ ಲ್ಯಾಪರೊಸ್ಕೋಪಿ, ಗಂಡನಿಗೆ ವೆರಿಕೊಸೀಲ್ (ವೃಷಣದ ರಕ್ತನಾಳಗಳ ಊತ) ಇದ್ದರೆ ಶಸ್ತ್ರಚಿಕಿತ್ಸೆ. ಇವುಗಳಲ್ಲಿ ಅರ್ಧವನ್ನೂ ಮಾಡದೆ ನೇರವಾಗಿ ಐವಿಎಫ್‌ಗೆ ಕಳಿಸುವ ಪರಿಪಾಠ ನೋವಿನ ಸಂಗತಿ.

ವೀರ್ಯ ಪರೀಕ್ಷೆಗೆ ಹಸ್ತಮೈಥುನದಿಂದ ಮಾದರಿ ಕೊಡಲು ಮನಸ್ಸಾಕ್ಷಿ ಒಪ್ಪದವರಿಗೆ ದಾರಿಯಿದೆ. ಈ ಕೆಲಸಕ್ಕೆಂದೇ ಬರುವ, ವೀರ್ಯಾಣುವಿಗೆ ಹಾನಿ ಮಾಡದ ಕಾಂಡೋಮ್‌ಗೆ ಸೂಜಿಯಿಂದ ಸಣ್ಣ ರಂಧ್ರ ಮಾಡಿ, ದಾಂಪತ್ಯದ ಸಂಭೋಗದಲ್ಲೇ ಸಂಗ್ರಹಿಸುವುದು. ರಂಧ್ರವಿರುವುದರಿಂದ ಗರ್ಭಧಾರಣೆಗೆ ಅಡ್ಡಿಯಿಲ್ಲ. ಸಾಮಾನ್ಯ ಲ್ಯಾಟೆಕ್ಸ್ ಕಾಂಡೋಮ್ ಬೇಡ, ವೀರ್ಯಾಣುಗಳ ಚಲನೆ ಕುಗ್ಗಿ ವರದಿ ತಪ್ಪಾಗುತ್ತದೆ. ಅದಕ್ಕೂ ಮೊದಲು 2ರಿಂದ 7 ದಿನ ವೀರ್ಯಸ್ಖಲನ ಆಗಿರಬಾರದು, ಮಾದರಿಯನ್ನು ಮೈಶಾಖದಲ್ಲಿಟ್ಟುಕೊಂಡು ಒಂದು ಗಂಟೆಯೊಳಗೆ ಮುಟ್ಟಿಸಬೇಕು.

ಆರ್ಥೊಡಾಕ್ಸ್ ಸಭೆಗಳ ಬಗ್ಗೆಯೂ ಒಂದು ಮಾತು: ರಷ್ಯನ್ ಆರ್ಥೊಡಾಕ್ಸ್ ಸಭೆಯ 2000ದ ಸಾಮಾಜಿಕ ದಸ್ತಾವೇಜು ಗಂಡನದೇ ವೀರ್ಯದ ಕೃತಕ ಗರ್ಭಧಾರಣೆಯನ್ನು ಒಪ್ಪುತ್ತದೆ, ‘ಹೆಚ್ಚುವರಿ’ ಭ್ರೂಣಗಳನ್ನು ಮಾಡಿ ಶೇಖರಿಸಿ ನಾಶಮಾಡುವುದನ್ನು ಒಪ್ಪುವುದಿಲ್ಲ.

ತೋಮ_ಕೇಳುತ್ತಾನೆ

ಒಂದು ಆಕ್ಷೇಪ. ಸಹಜ ಗರ್ಭಧಾರಣೆಯಲ್ಲೂ ಎಷ್ಟೋ ಭ್ರೂಣಗಳು ನೆಲೆಯೂರದೆ ಹೋಗುತ್ತವೆ. ಹದಿನಾಲ್ಕನೆಯ ದಿನದ ಹೊತ್ತಿಗೆ ‘ಪ್ರಿಮಿಟಿವ್ ಸ್ಟ್ರೀಕ್’ (ದೇಹದ ರೂಪ ಶುರುವಾಗುವ ಗೆರೆ) ಮೂಡುವವರೆಗೆ ಒಂದು ಭ್ರೂಣ ಎರಡಾಗಿ ಅವಳಿಯೂ ಆಗಬಹುದು. ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಸಂಶೋಧನೆಗೆ 14 ದಿನಗಳ ಗೆರೆ ಎಳೆಯಿತು. ಹಾಗಿದ್ದ ಮೇಲೆ ಐದು ದಿನದ ಭ್ರೂಣವನ್ನು ವ್ಯಕ್ತಿ ಎನ್ನಲು ಆಧಾರವೇನು?

ಲ್ಯಾಬ್_ಬೆಂಚು

ತೋಮ ಅವರೇ, ಸಹಜವಾಗಿ ಸತ್ತದ್ದಕ್ಕೂ ನಾವು ಬಿಸಾಡಿದ್ದಕ್ಕೂ ವ್ಯತ್ಯಾಸವಿದೆ. ಶಿಶುಮರಣ ಹೆಚ್ಚಿದ್ದ ಕಾಲದಲ್ಲೂ ಶಿಶುಹತ್ಯೆ ಕೊಲೆಯೇ ಆಗಿತ್ತು. ಅವಳಿಯ ವಾದಕ್ಕೆ: ಒಂದು ಜೀವಿ ಎರಡಾಗಬಲ್ಲದು ಎಂದರೆ ಮೊದಲು ಅಲ್ಲಿ ಜೀವಿಯೇ ಇರಲಿಲ್ಲ ಎಂದಾಗುವುದಿಲ್ಲ. ಕೀರ್ತನೆ 139, ಲೂಕ 1ನೆಯ ಅಧ್ಯಾಯ ಗರ್ಭದೊಳಗಿನ ಜೀವವನ್ನು ದೇವರು ಬಲ್ಲನೆಂದು ಹೇಳುತ್ತವೆ. ಐದನೆಯ ದಿನ, ಹದಿನಾಲ್ಕನೆಯ ದಿನ ಎಂಬ ಲೆಕ್ಕ ಸತ್ಯವೇದದಲ್ಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅನುಮಾನವಿದ್ದಾಗ ಜೀವದ ಕಡೆಗೆ ವಾಲಬೇಕು ಎಂಬುದು ನನ್ನ ನಿಲುವು.

ಎರಡನೆಯ_ಮೈಲಿ

ಈಗಾಗಲೇ ಫ್ರೀಜ್ ಮಾಡಿಟ್ಟವರ ವಿಷಯ. ಮೊದಲ ಆಯ್ಕೆ, ತಾಯಿಯ ಆರೋಗ್ಯ ಅವಕಾಶ ಕೊಟ್ಟರೆ ಒಂದೊಂದಾಗಿ ಎಲ್ಲವನ್ನೂ ಗರ್ಭಕ್ಕೆ ತರುವುದು. ಸಾಮಾನ್ಯ ಕ್ರಮ: ಎರಡು ವಾರದಷ್ಟು ಈಸ್ಟ್ರೋಜನ್, ಗರ್ಭಕೋಶದ ಒಳಪದರ 7 ಮಿಲಿಮೀಟರ್ ಮುಟ್ಟಿದ ಮೇಲೆ ಪ್ರೊಜೆಸ್ಟಿರಾನ್, ಐದು ದಿನ ಪೂರ್ತಿ ಕೊಟ್ಟು ಆರನೆಯ ದಿನ ಬ್ಲಾಸ್ಟೊಸಿಸ್ಟ್ ಬಿಡುವುದು. ‘ಒಂದನ್ನೇ ಕರಗಿಸಿ, ಅದು ಉಳಿಯದಿದ್ದರೆ ಮಾತ್ರ ಇನ್ನೊಂದು’ ಎಂದು ಲಿಖಿತವಾಗಿ ಹೇಳಬೇಕು. ಇಲ್ಲವಾದರೆ ಎರಡು ಕರಗಿಸಿ ಚೆಂದದ್ದನ್ನು ಆರಿಸುವುದೂ ಉಂಟು.

ಎರಡನೆಯದು, ಇನ್ನೊಂದು ದಂಪತಿಗೆ ದತ್ತು ಕೊಡುವುದು. ಅಮೆರಿಕದ ಇವ್ಯಾಂಜೆಲಿಕಲ್ ವಲಯದಲ್ಲಿ 1997ರಿಂದ ಇದಕ್ಕೆ ಕಾರ್ಯಕ್ರಮವೇ ಇದೆ. ‘ದಿಗ್ನಿತಾಸ್ ಪೆರ್ಸೋನೇ’ ಇದರ ಉದ್ದೇಶವನ್ನು ಹೊಗಳಿದರೂ ಮಾರ್ಗದಲ್ಲಿ ತೊಡಕುಗಳಿವೆ ಎನ್ನುತ್ತದೆ. ಕ್ಯಾಥೊಲಿಕ್ ದೇವಶಾಸ್ತ್ರಜ್ಞರಲ್ಲೇ ಒಮ್ಮತವಿಲ್ಲ. ನನ್ನ ಮಟ್ಟಿಗೆ, ಇರುವ ಮಗುವಿಗೆ ಮನೆ ಕೊಡುವುದು ಹಾಗರಳ ಕಥೆಯ ಹಾಗೆ ಮೂರನೆಯವರ ದೇಹದಿಂದ ಹೊಸದಾಗಿ ಮಗು ಪಡೆಯುವುದಕ್ಕಿಂತ ತೀರ ಬೇರೆ. ಕೊಡುವವರಿಬ್ಬರ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ವರದಿಗಳು, ವಂಶದ ಕಾಯಿಲೆಗಳ ವಿವರ, ಫ್ರೀಜ್ ಮಾಡಿದ ದಿನ ಮತ್ತು ಹಂತ ಇವೆಲ್ಲ ಬೇಕು. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕೆಲವೆಡೆ ದಾನ ‘ದತ್ತು’ ಎಂದು ಪರಿಗಣಿತವಾಗದು, ಮಗುವಿಗೆ ತನ್ನ ಮೂಲ ತಿಳಿಯುವ ಹಕ್ಕೂ ಒಂದೇ ರೀತಿ ಇಲ್ಲ. ಒಪ್ಪಂದಕ್ಕೆ ಮುಂಚೆ ವಕೀಲರನ್ನು ಕಾಣಬೇಕು.

ನೆಲೆಯೂರಲು ಸಾಧ್ಯವೇ ಇಲ್ಲದ ದಿನಗಳಲ್ಲಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ‘ಕರುಣೆಯ ವರ್ಗಾವಣೆ’ಯನ್ನು ಕೆಲವರು ಕೇಳುತ್ತಾರೆ. ಅವರ ದುಃಖ ಅರ್ಥವಾಗುತ್ತದೆ. ಆದರೆ ಉಳಿಯದಂತೆ ದಿನ ಆರಿಸಿ ಬಿಡುವುದೂ ವಿಲೇವಾರಿಯೇ ಎಂದು ನಾನು ಸಲಹೆಗಾರರಿಗೆ ನೇರವಾಗಿ ಹೇಳುತ್ತೇನೆ.

ಬೆರೋಯ_ಓದುಗ

ತುಂಬ ಉಪಕಾರ. ಒಪ್ಪಿಗೆ ಪತ್ರದಲ್ಲಿ ಗಂಡ ಅಥವಾ ಹೆಂಡತಿ ತೀರಿಕೊಂಡರೆ ಎಂಬ ಅಂಕಣ ಇರುತ್ತದಲ್ಲ, ಅಲ್ಲಿ ಏನು ಬರೆಸುವುದು?

ಎರಡನೆಯ_ಮೈಲಿ

ಮರಣ, ವಿಚ್ಛೇದನ, ಶೇಖರಣೆಯ ಶುಲ್ಕ ನಿಂತುಹೋಗುವುದು: ಮೂರಕ್ಕೂ ಬೇರೆ ಬೇರೆ ಅಂಕಣ ಇದೆಯೇ ನೋಡಿ. ‘ವಿಲೇವಾರಿ’ ಮತ್ತು ‘ಸಂಶೋಧನೆಗೆ’ ಎರಡನ್ನೂ ಹೊಡೆದುಹಾಕಿ, ಕಾನೂನು ಒಪ್ಪುವ ಕಡೆ ‘ಇನ್ನೊಂದು ದಂಪತಿಗೆ ದಾನ’ ಎಂದು ಗುರುತಿಸಲಿ. ಹೊಡೆದುಹಾಕಿದ ಕಡೆ ಇಬ್ಬರದೂ ಸಹಿ, ದಿನಾಂಕ ಇರಲಿ. ಒಂದು ಪ್ರತಿ ಮನೆಯಲ್ಲಿಟ್ಟುಕೊಂಡು, ವಿಳಾಸ ಅಥವಾ ಫೋನ್ ನಂಬರ್ ಬದಲಾದ ಕೂಡಲೇ ಕ್ಲಿನಿಕ್ಕಿಗೆ ತಿಳಿಸಬೇಕು. ಶುಲ್ಕದ ನೋಟಿಸು ಹಳೆಯ ವಿಳಾಸಕ್ಕೆ ಹೋಗಿ, ಉತ್ತರ ಬರದೆ, ಭ್ರೂಣಗಳು ‘ವಾರಸುದಾರರಿಲ್ಲದವು’ ಎಂಬ ಪಟ್ಟಿಗೆ ಸೇರುವುದು ಹಾಗೆಯೇ.