2094 ರೂಪಾಯಿ ಜಗಳ

(ನಮ್ಮ ಮನೆ ಗುಂಪಲ್ಲಿ 2025 ಸೆಪ್ಟೆಂಬರ್ 27, ಶನಿವಾರ ನಡೆದಿದ್ದು. ಗುಡ್ ಮಾರ್ನಿಂಗ್ ಫೋಟೋಗಳು, ಚಾಮುಂಡಿ ಅಲಂಕಾರದ ವಿಡಿಯೋ ಮೂರು ತೆಗ್ದಿದೀನಿ. ಫೋನಲ್ಲಿ ಯಾರ ಹೆಸರು ಹೆಂಗೆ ಸೇವ್ ಆಗಿದ್ಯೋ ಹಂಗೇ ಬಿಟ್ಟಿದೀನಿ.)

ಶಿವಮೊಗ್ಗ ಚಿಕ್ಕಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಎಚ್ಚರ ಎಚ್ಚರ!! ಕಾರಿನ ಫುಲ್ ಇನ್ಶೂರೆನ್ಸಿಗೆ ಸರ್ಕಾರ ನಿಗದಿ ಮಾಡಿರುವ ದರ ಕೇವಲ ₹2094. ಒಂದು ರೂಪಾಯಿ ಜಾಸ್ತಿ ಕೇಳಿದರೂ ಅದು ಏಜೆಂಟನ ಕಮಿಷನ್. ಸೆಪ್ಟೆಂಬರ್ 22ರಿಂದ ಇನ್ಶೂರೆನ್ಸಿಗೆ ಜಿಎಸ್‌ಟಿಯೂ ಇಲ್ಲ. ಮೋಸ ಹೋಗಬೇಡಿ, ಕನಿಷ್ಠ 10 ಜನರಿಗೆ ಕಳಿಸಿ 🙏

ಶಿವಮೊಗ್ಗ ಚಿಕ್ಕಪ್ಪ: ನಾನು ಹೋದ ತಿಂಗಳೇ ಹಿಂಗೇ ಮಾಡ್ಸಿದೀನಿ. 2471ಕ್ಕೆ ಮುಗೀತು. ಮೊದ್ಲೆಲ್ಲ ಅದರ ಎರಡರಷ್ಟು ಸುರೀತಿದ್ದೆ

ಮೈಸೂರು ಅತ್ತೆ: ಅಯ್ಯೋ ದೇವ್ರೇ. ನಂಗೆ ಈ ಸಲ 16,840 ಹೇಳಿದಾರಪ್ಪ. ಹೋದ ವರ್ಷಕ್ಕಿಂತ ಜಾಸ್ತಿ. ಗಾಡಿ ಹಳೇದಾಗ್ತಾ ಆಗ್ತಾ ಕಮ್ಮಿ ಆಗ್ಬೇಕಲ್ವಾ?? ಆಯುಧಪೂಜೆ ಆದ ಎರಡು ದಿನಕ್ಕೆ ಮುಗಿಯತ್ತೆ ನಂದು

ಹುಬ್ಬಳ್ಳಿ ಭಾವ: ಯಾರು ಹೇಳಿದ್ದ ಅದನ್ನ 😄

ಮೈಸೂರು ಅತ್ತೆ: ಯಾರಂದ್ರೆ... ಗುಂಪಲ್ಲೇ ಇದಾರೆ ಬಿಡಿ

ನಾನು: ಚಿಕ್ಕಪ್ಪ ಇದು ಫುಲ್ ಇನ್ಶೂರೆನ್ಸ್ ಅಲ್ಲ. 2094 ಅನ್ನೋದು ಥರ್ಡ್ ಪಾರ್ಟಿ, ಅಂದ್ರೆ ನಮ್ಮ ಗಾಡಿಯಿಂದ ಬೇರೆಯವರಿಗಾಗೋ ನಷ್ಟದ ಇನ್ಶೂರೆನ್ಸಿನ ರೇಟು, ಅದೂ 1000 ಸಿಸಿ ಒಳಗಿನ ಗಾಡಿಗೆ ಮಾತ್ರ, 2022 ಜೂನಿಂದ ಅದೇ ನಡೀತಿದೆ. ನಿಮ್ಮ ವ್ಯಾಗನಾರ್ 998 ಸಿಸಿ, ಸರಿ. ಅತ್ತೆ ಬಲೆನೋ 1197, ಅದಕ್ಕೆ 3416. 1500 ದಾಟಿದ್ರೆ 7897. ಅದು ಆನ್‌ಲೈನಲ್ಲಿ ತಗೊಳ್ಳಿ ಏಜೆಂಟ್ ಹತ್ರ ತಗೊಳ್ಳಿ ಯಾವ ಕಂಪನೀಲಾದ್ರೂ ತಗೊಳ್ಳಿ ಅಷ್ಟೇ, ಅದರಲ್ಲಿ ಚೌಕಾಸಿ ಮಾಡೋಕೆ ಏನೂ ಇಲ್ಲ

ನಾನು: ಜಿಎಸ್‌ಟಿ ಹೋಗಿರೋದು ಲೈಫು ಹೆಲ್ತ್‌ಗೆ. ಗಾಡಿ ಇನ್ಶೂರೆನ್ಸಿಗೆ 18% ಹಂಗೇ ಇದೆ. ನಿಮ್ದೇ ನೋಡಿ, 2094ಕ್ಕೆ 18% ಸೇರಿಸಿದ್ರೆ ಕರೆಕ್ಟಾಗಿ 2471. ಜಿಎಸ್‌ಟಿ ಕಟ್ಟಿ ಜಿಎಸ್‌ಟಿ ಇಲ್ಲ ಅಂತ ಫಾರ್ವರ್ಡ್ ಮಾಡ್ತಿದೀರಿ

ಶಿವಮೊಗ್ಗ ಚಿಕ್ಕಪ್ಪ: ನೀನು ಹುಟ್ಟೋಕೆ ಮುಂಚೆಯಿಂದ ಗಾಡಿ ಓಡಿಸ್ತಿದೀನಿ. ಪೊಲೀಸ್ನೋರು ಹಿಡಿದಾಗ ತೋರ್ಸೋಕೆ ಒಂದು ಪೇಪರ್ ಬೇಕು ಅಷ್ಟೇ. 30 ವರ್ಷದಲ್ಲಿ ಒಂದು ಕ್ಲೈಮ್ ಮಾಡಿಲ್ಲ ನಾನು

ನಾನು: ಪೇಪರ್ ಇಲ್ದಿದ್ರೆ ಮೊದಲ ಸಲ 2000 ದಂಡ, ಎರಡನೇ ಸಲ 4000, ಅದು ಸರಿ. ಆದ್ರೆ ಪೇಪರ್ ಇರೋದು ಪೊಲೀಸಿಗಲ್ಲ ಚಿಕ್ಕಪ್ಪ. ನಿಮ್ಮ ಗಾಡಿ ಯಾರಿಗಾದ್ರೂ ಗುದ್ದಿ ಅವರು ಹೋದ್ರೆ ಕೋರ್ಟು ಎಷ್ಟು ಪರಿಹಾರ ಹೇಳತ್ತೋ ಅಷ್ಟನ್ನೂ ಕಂಪನಿ ಕೊಡ್ಬೇಕು, ಲಿಮಿಟ್ಟೇ ಇಲ್ಲ. ಅಂಗಡಿ ಗೋಡೆ, ಬೇರೆಯವರ ಕಾರು ಇಂಥದ್ದಕ್ಕೆ ಏಳೂವರೆ ಲಕ್ಷದವರೆಗೆ. ನಿಮ್ಮ ಕಾರಿಗೆ ಮಾತ್ರ ಒಂದು ಪೈಸೆ ಇಲ್ಲ, ಕಳ್ಳತನ ಆದ್ರೂ ಇಲ್ಲ ಮರ ಬಿದ್ರೂ ಇಲ್ಲ

ಹುಬ್ಬಳ್ಳಿ ಭಾವ: ಅಂದ್ರ ಊರ ಮಂದಿಗೆಲ್ಲಾ ಇನ್ಶೂರೆನ್ಸ್ ಮಾಡ್ಸಿ ತಮಗ ಬಿಟ್ಟಾರ. ದೊಡ್ಡ ಮನಸ್ಸು

ಬೆಳ್ಳಂದೂರು ಅಣ್ಣ: ಫುಲ್ ಅಂತ ತಗೊಂಡ್ರೂ ಫುಲ್ ಅಲ್ಲ ಮಾರಾಯ್ರೆ, ನನ್ನ ಕೇಳಿ. 2022 ಸೆಪ್ಟೆಂಬರ್ ಮಳೇಲಿ ಬೇಸ್‌ಮೆಂಟಲ್ಲಿ ಗಾಡಿ ಸೀಟಿನ ಮಟ್ಟ ಮುಳುಗಿತ್ತು, ನೀರಿಳಿದ ಮೇಲೆ ಹೋಗಿ ನೋಡಿದೆ ಪಾಪ ಅನ್ನಿಸ್ತು ಸ್ಟಾರ್ಟ್ ಆಗತ್ತಾ ನೋಡೋಣ ಅಂತ ಒಂದ್ಸಲ ಎರಡ್ಸಲ ಮೂರ್ಸಲ ಕೀ ತಿರುಗಿಸಿದೆ, ಕಟಕ್ ಅಂತು, ಅಷ್ಟೇ. ಸೀಟು ವೈರಿಂಗು ಎಲ್ಲಾ ಕೊಟ್ರು, ಇಂಜಿನ್ನಿಗೆ ಮಾತ್ರ ಸರ್ವೇಯರ್ ಇಲ್ಲ ಅಂದ. ಪ್ರವಾಹಕ್ಕೆ ಕವರ್ ಇದೆ, ಆದ್ರೆ ಇಂಜಿನ್ ಹಾಳಾಗಿದ್ದು ಪ್ರವಾಹದಿಂದ ಅಲ್ಲ ನೀವು ಸ್ಟಾರ್ಟ್ ಮಾಡಿದ್ರಿಂದ ಅಂದ. ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ತಗೋಬೇಕಂತೆ. ಕೈಯಿಂದ ಹಾಕಿದ್ದು ಎಷ್ಟು ಅಂತ ನಿಮ್ಮ ಅತ್ತಿಗೆ ಮುಂದೆ ಹೇಳಲ್ಲ

ನಾನು: ನೀರಲ್ಲಿ ನಿಂತ ಗಾಡಿ ಕೀ ಮುಟ್ಟಬಾರ್ದು ಯಾರೂ. ಟೋ ಮಾಡಿಸ್ಕೊಂಡು ಹೋಗ್ಬೇಕು. ಆ ಆಡ್-ಆನ್ ಇದ್ರೂ ಹಿಂಗೆ ತಿರುಗಿಸಿದ್ರೆ ತಕರಾರು ತೆಗೀತಾರೆ

ಚನ್ನಪಟ್ಟಣ ಮಾವ: ನೋಡಿದ್ರಾ. ಅದಕ್ಕೇ ನಾನು ಅತ್ತಿಗೆಗೆ ಎಲ್ಲಾ ಸೇರ್ಸಿ ಕೊಟೇಷನ್ ಕೊಟ್ಟಿರೋದು. ಕಮಿಷನ್ ಕಮಿಷನ್ ಅಂತ ಬರ್ಯೋರು ರಾತ್ರಿ 11ಕ್ಕೆ ಗಾಡಿ ಗುದ್ದಿದಾಗ ಆನ್‌ಲೈನ್ ಲಿಂಕಿಗೆ ಫೋನ್ ಮಾಡ್ತಾರಾ

ಶಿವಮೊಗ್ಗ ಚಿಕ್ಕಪ್ಪ: ನಿಮ್ಗೆ ಹೇಳಿದ್ದಲ್ಲ ಭಾವ ಅದು, ಜನರಲ್ಲಾಗಿ ಬಂದಿದ್ದು ಹಾಕಿದೆ

ಚನ್ನಪಟ್ಟಣ ಮಾವ: ಜನರಲ್ಲಾಗಿ ನನ್ನ ಬಿಟ್ರೆ ಈ ಗುಂಪಲ್ಲಿ ಬೇರೆ ಯಾರ್ ಏಜೆಂಟು

ಮೈಸೂರು ಅತ್ತೆ: ಜಗಳ ಬೇಡಪ್ಪ. ನಂದು ಯಾಕೆ ಜಾಸ್ತಿ ಆಯ್ತು ಅದು ಹೇಳಿ ಮೊದ್ಲು. ಆನ್‌ಲೈನಲ್ಲಿ ಮಗ ನೋಡಿದ, 10,900 ಬರ್ತಿದೆ ಅಂದ

ನಾನು: ಅತ್ತೆ, ನೀವು ತಗೊಂಡಿದ್ದು 2022 ದಸರಾಕ್ಕೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಿಸ್ಕೊತಾರೆ, ಸುಪ್ರೀಂ ಕೋರ್ಟ್ ಹೇಳಿದ್ಮೇಲೆ 2018ರಿಂದ ಹಂಗೆ. ನೀವು ಶೋರೂಮಲ್ಲೇ 10,640 ಪ್ಲಸ್ ಟ್ಯಾಕ್ಸ್ ಕೊಟ್ಟಿರ್ತೀರ, ಆನ್‌ರೋಡ್ ರೇಟಲ್ಲಿ ಸೇರಿ ಹೋಗಿರತ್ತೆ ಗೊತ್ತಾಗಿರಲ್ಲ. ಆಮೇಲೆ ಎರಡು ವರ್ಷ ಬರೀ ಓಡಿ, ಅಂದ್ರೆ ನಿಮ್ಮ ಗಾಡಿ ಡ್ಯಾಮೇಜಿಂದು, ಅಷ್ಟೇ ಕಟ್ಟಿದೀರಿ. ಈ ಸಲ ಮೂರು ವರ್ಷ ಮುಗೀತು, 3416 ವಾಪಸ್ ಬಂದು ಕೂತಿದೆ. ರೇಟ್ ಏರಿಲ್ಲ

ಮೈಸೂರು ಅತ್ತೆ: ಓಹೋ. ಇದನ್ನ ಯಾರೂ ಹೇಳ್ಲಿಲ್ವಲ್ಲ ನಂಗೆ

ಚನ್ನಪಟ್ಟಣ ಮಾವ: ಹೇಳಿದ್ದೆ

ಮೈಸೂರು ಅತ್ತೆ: ಇಲ್ಲ ಹೇಳ್ಲಿಲ್ಲ

ನಾನು: ಎರಡೂ ಕೊಟೇಷನ್ ಹಾಕಿ ಇಲ್ಲಿ

ಮೈಸೂರು ಅತ್ತೆ: [2 ಫೋಟೋ]

ನಾನು: ಸರಿ. ಆನ್‌ಲೈನ್ 10,900ದಲ್ಲಿ ಐಡಿವಿ 4.4 ಲಕ್ಷ ಹಾಕಿದಾರೆ. ಮಾವಂದ್ರಲ್ಲಿ 5.7. ಐಡಿವಿ ಅಂದ್ರೆ ಗಾಡಿ ಕಳ್ಳತನ ಆದ್ರೆ ಅಥವಾ ಪೂರ್ತಿ ಹೋದ್ರೆ ಕೈಗೆ ಬರೋ ದುಡ್ಡು. ಅದನ್ನ ಇಳಿಸಿ ಪ್ರೀಮಿಯಂ ಕಮ್ಮಿ ತೋರ್ಸೋದು ಹಳೇ ಆಟ, ಲಕ್ಷ ಚಿಲ್ರೆ ನಿಮ್ಮದು ಹೋಗತ್ತೆ. ಜೀರೋ ಡೆಪ್ ಕೂಡ ಇಲ್ಲ ಅದರಲ್ಲಿ. ಅದಿಲ್ದೆ ಇದ್ರೆ ಬಂಪರ್ ಥರ ಪ್ಲಾಸ್ಟಿಕ್ ರಬ್ಬರ್ ಎಲ್ಲಾ ಅರ್ಧ ಬೆಲೆನೇ ಕೊಡೋದು, 10 ಸಾವಿರದ ಬಂಪರಿಗೆ 5 ಸಾವಿರ, ಅದರಲ್ಲೂ ಸಾವಿರ ನಿಮ್ಮ ಕೈಯಿಂದ ಕಡ್ಡಾಯ

ಚನ್ನಪಟ್ಟಣ ಮಾವ: 👆👆 ಇದನ್ನೇ ನಾನು ಬಾಯಿ ಬಡ್ಕೊಳ್ಳೋದು

ನಾನು: ಮಾವ ನಿಮ್ಮದಕ್ಕೂ ಬರ್ತೀನಿ ಇರಿ. ಟೈರ್ ಪ್ರೊಟೆಕ್ಟ್, ಕೀ ರಿಪ್ಲೇಸ್‌ಮೆಂಟ್, ಬ್ಯಾಗು ಲಗೇಜಿನ ಕವರ್ ಇದೆಲ್ಲ ಯಾಕೆ? ಅತ್ತೆ ಗಾಡಿ ತೆಗ್ಯೋದು ದೇವಸ್ಥಾನಕ್ಕೆ, ವಾರಕ್ಕೊಂದ್ಸಲ ದೇವರಾಜ ಮಾರ್ಕೆಟ್ಟಿಗೆ. ಯಾವ ಲಗೇಜ್ ಹೋಗತ್ತೆ, ನಂಜನಗೂಡು ರಸಬಾಳೆನಾ

ಹುಬ್ಬಳ್ಳಿ ಭಾವ: 😂😂😂

ನಾನು: ಅತ್ತೆ ಇನ್ನೊಂದು. ನೀವು ಹಿಂದಿನ ವರ್ಷ ಗೇಟಿಗೆ ತಾಗಿಸಿ 4800ರ ಬಂಪರಿಗೆ ಕ್ಲೈಮ್ ಮಾಡಿದ್ರಲ್ಲ, ಅದೇ ನಿಮ್ಗೆ ಹೊಡೆತ. ಮಾಡ್ದೆ ಇದ್ದಿದ್ರೆ ಈ ಸಲ ನೋ ಕ್ಲೈಮ್ ಬೋನಸ್, ಅಂದ್ರೆ ಕ್ಲೈಮ್ ಮಾಡ್ದೆ ಇದ್ದಿದ್ದಕ್ಕೆ ಸಿಗೋ ರಿಯಾಯಿತಿ, 35% ಇರೋದು, ಈಗ ಮತ್ತೆ 20ರಿಂದ ಶುರು ಆಗಿದೆ. ಸಣ್ಣ ಪುಟ್ಟದಕ್ಕೆ ಕೈಯಿಂದ ಹಾಕ್ಕೊಂಡ್ಬಿಡ್ಬೇಕು

ಮೈಸೂರು ಅತ್ತೆ: ಇನ್ಶೂರೆನ್ಸ್ ಇದ್ದೂ ಕ್ಲೈಮ್ ಮಾಡ್ಬೇಡ ಅಂದ್ರೆ ಯಾಕಪ್ಪ ಅದು ಇರೋದು, ಶೋಕೇಸಲ್ಲಿ ಇಡೋಕಾ

(ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ನಿಜ ಹೇಳ್ಬೇಕಂದ್ರೆ.)

ಹುಬ್ಬಳ್ಳಿ ಭಾವ: ನಂದೊಂದು ಡೌಟ್ ಐತಿ. ನಮ್ಮ ಡಿಸೈರ್ ಬಾಜೂ ಮನಿಯವ್ರು ಮದುವಿ ಸೀಜನ್ನಾಗ ಬಾಡಿಗಿಗೆ ಒಯ್ತಾರ. ಅದಕ್ಕೇನರ ತ್ರಾಸ ಐತೇನು

ಚನ್ನಪಟ್ಟಣ ಮಾವ: ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ಬಿಟ್ಟಾಗ ಗುದ್ದಿದ್ರೆ ಕ್ಲೈಮ್ ರಿಜೆಕ್ಟ್. ಕೊಡಬೇಡ್ರಿ

ಹುಬ್ಬಳ್ಳಿ ಭಾವ: ಮುಗೀತು ತಗೋ. ಈಗ ಹೆಂಗ ಹೇಳ್ಲಿ ಅವರಿಗೆ

ಶಿವಮೊಗ್ಗ ಚಿಕ್ಕಪ್ಪ: ಆಯ್ತು ಒಪ್ಕೋತೀನಿ. ಆದ್ರೆ ನಂದು 2014ರ ಗಾಡಿ, ಒಂದೂವರೆ ಲಕ್ಷಕ್ಕೆ ಹೋದ್ರೆ ಹೆಚ್ಚು. ಅದಕ್ಕೆ ಯಾವ ಫುಲ್ಲು. ಥರ್ಡ್ ಪಾರ್ಟಿ ಸಾಕು. ಇದ್ರಲ್ಲಿ ತಪ್ಪೇನಿದೆ ಹೇಳು

ನಾನು: ತಪ್ಪಿಲ್ಲ. ನಿಮ್ಮ ಗಾಡಿಗೆ ಅದು ಸರಿಯಾದ ಲೆಕ್ಕನೇ. ತಪ್ಪಿದ್ದು ಮೂರು ವರ್ಷದ ಬಲೆನೋಗೂ ಅದನ್ನೇ ಹೇಳಿದ್ದು. ಆ ಪಾಲಿಸಿ ಪಿಡಿಎಫ್ ಒಂಚೂರು ಹಾಕಿ

ಶಿವಮೊಗ್ಗ ಚಿಕ್ಕಪ್ಪ: [ಪಿಡಿಎಫ್]

ನಾನು: ಮಾಲೀಕ-ಚಾಲಕನ ಪಿಎ ಕವರ್ ಸೊನ್ನೆ ಅಂತಿದೆ. 15 ಲಕ್ಷದ್ದು ಇರ್ಲೇಬೇಕಿತ್ತು. ನಂಗೆ ಬೇರೆ ಕಡೆ ಇದೆ ಅಂತ ಟಿಕ್ ಮಾಡಿದೀರ

ಶಿವಮೊಗ್ಗ ಚಿಕ್ಕಪ್ಪ: ಅದು ತೆಗೆದ್ರೆ ಕಮ್ಮಿ ಆಗತ್ತೆ ಅಂತ ಕಾಣಿಸ್ತು

ಶಿವಮೊಗ್ಗ ಚಿಕ್ಕಮ್ಮ: ಏನದು ಪಿಎ?

ನಾನು: ಓಡಿಸ್ತಿರೋ ಮಾಲೀಕರಿಗೇ ಏನಾದ್ರೂ ಆದ್ರೆ ಮನೆಯವರಿಗೆ ಬರೋ ದುಡ್ಡು ಚಿಕ್ಕಮ್ಮ. ಥರ್ಡ್ ಪಾರ್ಟೀಲಿ ಅವರು ಬರಲ್ಲ

ಶಿವಮೊಗ್ಗ ಚಿಕ್ಕಮ್ಮ: ಎದುರುಗಡೆಯವರ ಮನೆಗೆ ಲಿಮಿಟ್ಟೇ ಇಲ್ಲ, ನಂಗೆ ಸೊನ್ನೆ?

ಶಿವಮೊಗ್ಗ ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಬೆಳ್ಳಂದೂರು ಅಣ್ಣ: ಚಿಕ್ಕಪ್ಪ ಹಾಲಲ್ಲೇ ಕೂತಿದ್ರೆ ಎದ್ದು ಹೊರಗೆ ಹೋಗ್ಬಿಡಿ

ಚನ್ನಪಟ್ಟಣ ಮಾವ: ಪಿಎ ಬೇರೆಯಾಗಿ ಈಗ್ಲೂ ಹಾಕ್ಸಬಹುದು. ಹೊಸ ಗಾಡಿ ತಗೋತೀನಿ ಅಂತಿದ್ರಲ್ಲ, ಯಾವಾಗ?

ಶಿವಮೊಗ್ಗ ಚಿಕ್ಕಪ್ಪ: ಸಂಕ್ರಾಂತಿ ಆದ್ಮೇಲೆ. ಜಿಎಸ್‌ಟಿ ಇಳಿದಿದೆಯಲ್ಲ ಸಣ್ಣ ಗಾಡಿಗೆ, 2026 ಮಾಡೆಲ್ಲೇ ಬರ್ಲಿ ಅಂತ

ಚನ್ನಪಟ್ಟಣ ಮಾವ: ಹಳೇ ಪಾಲಿಸಿಲಿ ನೋ ಕ್ಲೈಮ್ 50% ಇತ್ತು ನಿಮ್ದು, ನಾನೇ ಮಾಡಿಸಿದ್ದು ಗೊತ್ತು. ಅದು ಗಾಡಿದಲ್ಲ ನಿಮ್ದು, ಹೊಸ ಗಾಡಿಗೆ ತಗೊಂಡು ಹೋಗಬಹುದು. ಹೊಸದರ ಓಡಿ 18 ಸಾವಿರ ಬಂತು ಅಂದ್ಕೊಳ್ಳಿ, 9 ಉಳೀತು. ಆದ್ರೆ ಓಡಿ ಮುಗಿದು 90 ದಿನ ದಾಟಿದ್ರೆ 50 ಪೂರ್ತಿ ಸೊನ್ನೆ. ನಿಮ್ದು ಆಗಸ್ಟ್ 20ಕ್ಕೆ ಮುಗಿದಿದೆ, ನವೆಂಬರ್ 18ರವರೆಗೆ ಟೈಮಿದೆ. ಅಷ್ಟರೊಳಗೆ ಬರೀ ಓಡಿ ಒಂದು ಮಾಡ್ಸಿ, ಈ ಗಾಡಿಗೆ ಎರಡು ಸಾವಿರದೊಳಗೆ ಆಗತ್ತೆ. ಗ್ಯಾಪ್ ಬಿದ್ದಿರೋದ್ರಿಂದ ಇನ್ಸ್‌ಪೆಕ್ಷನ್ ಕೇಳ್ತಾರೆ, ಫೋನಲ್ಲಿ ಸುತ್ತ ವಿಡಿಯೋ ತೆಗೆದು ಕಳಿಸಿದ್ರೆ ಸಾಕು. ಲಿಂಕಲ್ಲಾದ್ರೂ ಮಾಡ್ಸಿ, ನನ್ನ ಹತ್ರನೇ ಅಂತ ಹೇಳ್ತಿಲ್ಲ

ನಾನು: ಇದು ನಂಗೂ ಹೊಳೀಲಿಲ್ಲ ಮಾವ

ಚನ್ನಪಟ್ಟಣ ಮಾವ: ಅತ್ತಿಗೆ, ಟೈರು ಕೀ ಲಗೇಜು ತೆಗ್ದಿದೀನಿ. ಜೀರೋ ಡೆಪ್, ಇಂಜಿನ್ ಇಟ್ಟಿದೀನಿ, ಐಡಿವಿ 5.7 ಹಂಗೇ. 13,150. ರಸಬಾಳೆಗೆ ಕವರ್ ಇಲ್ಲ

ಮೈಸೂರು ಅತ್ತೆ: 🙏🙏 ಮಗನ ಹತ್ರ ಕೇಳಿ ಹೇಳ್ತೀನಿ

ಚನ್ನಪಟ್ಟಣ ಮಾವ: ಕೇಳಿ ಕೇಳಿ. ಹಬ್ಬದೊಳಗೆ ಹೇಳಿ ಅಷ್ಟೇ

(ರಾತ್ರಿ 10:40, ಗುಂಪಲ್ಲಲ್ಲ, ನಂಗೊಬ್ಬನಿಗೇ)

ಶಿವಮೊಗ್ಗ ಚಿಕ್ಕಪ್ಪ: ಆ ಇನ್ಸ್‌ಪೆಕ್ಷನ್ ವಿಡಿಯೋ ತೆಗ್ಯೋಕೆ ಮುಂಚೆ ಕಾರ್ ತೊಳೀಬೇಕಾ?